ಎರಡು ಹೋಳಾದ ಬೀಸೋಕಲ್ಲು

ಸುಳ್ಳು ಹೇಳಬಾರದು ಎಂದು ನಿಮಗೆ ಬುದ್ಧಿ ಹೇಳಲು ನಾನು ಹೊರಟಿಲ್ಲ. ಆ ಯೋಗ್ಯತೆ ನನಗಿಲ್ಲ. ಹೇಳುವುದೇ ಆದರೆ ಹಗುರವಾದ ವಸ್ತುಗಳ ಬಗ್ಗೆ ಹೇಳಿ ಎನ್ನುವುದಷ್ಟೇ ನನ್ನ ಕಳಕಳಿಯ ಸಲಹೆ. ಕರವಸ್ತ್ರ, ಕೊಡೆ, ಮಾವನವರು ಬರೆದ ಇನ್‌ಲ್ಯಾಂಡ್ ಲೆಟರು, ಪಕ್ಕದ ಮನೆಯವರು ಓದಲು ಕೊಟ್ಟ ವಾರಪತ್ರಿಕೆ, ಇವು ಕಳೆದುಹೋದವು ಎಂದರೆ ಯಾರಾದರೂ ನಂಬುತ್ತಾರೆ. ಹಗುರವಾದದ್ದಕ್ಕೆ ಈ ಲೋಕದಲ್ಲಿ ಹಾರಿಹೋಗುವ ಸ್ವಾತಂತ್ರ್ಯವಿದೆ. ಆದರೆ ಇಬ್ಬರು ಆಳು ಸೇರಿ ಎತ್ತಬೇಕಾದ ಕಲ್ಲಿನ ವಿಷಯದಲ್ಲಿ ಸುಳ್ಳು ಹೇಳಬಾರದು. ಕಲ್ಲು ಕೊಳೆಯುವುದಿಲ್ಲ, ಸುಡುವುದಿಲ್ಲ, ಅದನ್ನು ಇಲಿ ತಿನ್ನುವುದಿಲ್ಲ. ಹೇಳಿದ ಸುಳ್ಳನ್ನು ನೀವೇ ಮರೆತರೂ ಅದು ಎಲ್ಲೋ ಒಂದು ಕಡೆ ತಣ್ಣಗೆ ಕೂತು ನಿಮ್ಮ ದಾರಿ ಕಾಯುತ್ತಿರುತ್ತದೆ. ನನ್ನ ಕಲ್ಲು ಕುಣಿಗಲ್ಲಿನ ಆಚೆ ಕೂತಿತ್ತು.

ನನ್ನ ಕಲ್ಲು ಎಂದೆನೇ? ಅಲ್ಲ, ಅದು ಗೌರತ್ತೆಯದು. ಪುಟ್ಟಗೌರಮ್ಮ ಎಂದು ಪೂರ್ತಿ ಹೆಸರು. ನನ್ನ ತಂದೆಯ ತಂಗಿ. ಹಾಗಲವಾಡಿಗೆ ಕೊಟ್ಟಿದ್ದರು. ಮದುವೆಯಾದ ನಾಲ್ಕೇ ವರ್ಷಕ್ಕೆ ಗಂಡ ಜ್ವರ ಬಂದು ತೀರಿಕೊಂಡ. ಮಕ್ಕಳಿರಲಿಲ್ಲ. ಗುಬ್ಬಿಯ ನಮ್ಮ ಮನೆಗೆ ವಾಪಸು ಬಂದಾಗ ಗಾಡಿಯಲ್ಲಿ ಅವಳ ಜೊತೆ ಇದ್ದದ್ದು ಒಂದು ತಗಡಿನ ಟ್ರಂಕು ಮತ್ತು ಒಂದು ರಾಗಿ ಬೀಸೋಕಲ್ಲು. ನನ್ನ ತಾಯಿ ಬೇಗ ಹೋದದ್ದರಿಂದ ನನ್ನನ್ನು ಸಾಕಿದವಳು ಅವಳೇ. ಬೆಳಗಿನ ಜಾವ ಅವಳು ಒಂದು ಕಾಲು ಚಾಚಿ ರಾಗಿ ಬೀಸುತ್ತಿದ್ದರೆ ನಾನು ಆ ಚಾಚಿದ ಕಾಲಿನ ಮೇಲೆ ತಲೆಯಿಟ್ಟು ನಿದ್ದೆ ಮುಂದುವರಿಸುತ್ತಿದ್ದೆ. "ಬ್ಯಾರೆಯೋರ ಗಂಡಂದ್ರು ಸಂತೆಯಿಂದ ಬಳೆ ತರೋರು, ಹೂವ ತರೋರು. ನಮ್ಮೆಜಮಾನ್ರು ಕಲ್ಲು ತಂದ್ರು ಕಣೋ. ಇದು ಬಾಡಕ್ಕಿಲ್ಲ, ಒಡೆಯಕ್ಕಿಲ್ಲ, ಮಡಿಕ್ಕೋ ಅಂದ್ರು" ಎಂದು ಅವಳು ನೂರು ಸಲವಾದರೂ ಹೇಳಿದ್ದುಂಟು. ಹೇಳುವಾಗ ಅದು ದೂರೋ ಹೆಮ್ಮೆಯೋ ನನಗೆ ಯಾವತ್ತೂ ಗೊತ್ತಾಗಲಿಲ್ಲ. ಒಡೆಯದ ಆ ಕಲ್ಲಿನ ಅಂಚನ್ನು ಅರ್ಧಚಂದ್ರದಷ್ಟು ಮುಕ್ಕು ಮಾಡಿದವನು ನಾನೇ. ಏಳು ವರ್ಷದವನಿದ್ದಾಗ ಅದರ ಮೇಲೆ ಬಾದಾಮಿಕಾಯಿ ಇಟ್ಟು ಸುತ್ತಿಗೆಯಿಂದ ಜಜ್ಜಿದ್ದೆ. ಅವತ್ತಿನಿಂದ ಅದು ಒಂದೊಂದು ಸುತ್ತಿಗೂ ಗರ್‍ರ್ ಎಂದು ತಿರುಗಿ, ಕೊನೆಗೆ ಟಕ್ ಎನ್ನುತ್ತಿತ್ತು. ಕುಂಟುವ ಮನುಷ್ಯ ನಡೆದು ಬಂದ ಹಾಗೆ.

ಹಿರೇಹಳ್ಳಿಯ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ನನಗೆ ಕೆಲಸ ಸಿಕ್ಕಿ, ಮದುವೆಯೂ ಆಗಿ, ಗುಬ್ಬಿಯ ಮನೆ ಖಾಲಿ ಮಾಡಿ ತುಮಕೂರಿಗೆ ಬಂದೆವು. ಬಾಡಿಗೆಗೆ ಸಿಕ್ಕಿದ್ದು ಮಹಡಿ ಮನೆ. ಮನೆಯ ಮಾಲೀಕರು ಕೆಳಗಡೆ ಇದ್ದರು, ಅವರಿಗೆ ರಕ್ತದೊತ್ತಡ. "ಮೇಲೆ ಕುಟ್ಟೋದು, ಬೀಸೋದು, ರುಬ್ಬೋದು ಏನೂ ಇಟ್ಕೋಬಾರದು" ಎಂದು ಮೊದಲೇ ಕರಾರು ಮಾಡಿಸಿಕೊಂಡರು. ಈ ಮಾತನ್ನು ಅತ್ತೆಗೆ ಹೇಳುವ ಧೈರ್ಯ ನನಗಾಗಲಿಲ್ಲ. ಸಾಮಾನು ಸಾಗಿಸುವ ದಿನ ಅವಳನ್ನು ಹೆಂಡತಿ ಶಾರದೆಯ ಜೊತೆ ಮೊದಲ ಬಸ್ಸಿಗೇ ಹತ್ತಿಸಿ ಕಳಿಸಿದೆ. ಹಳೇ ಸಾಮಾನು ಕೊಂಡು ಸ್ಟೀಲ್ ಪಾತ್ರೆ ಕೊಡುವವನೊಬ್ಬ ಬೀದಿಯಲ್ಲಿ ಹೋಗುತ್ತಿದ್ದ. ಅವನು ಕಲ್ಲು ತೆಗೆದುಕೊಂಡು ಒಂದು ಸ್ಟೀಲ್ ಬಕೆಟ್ಟು ಕೊಟ್ಟ. ತುಮಕೂರಿಗೆ ಬಂದು, ಬಕೆಟ್ಟು ಕಾರ್ಖಾನೆಯವರ ಉಡುಗೊರೆ ಎಂದೆ. ಕಲ್ಲು ಗಾಡಿಗೆ ಏರಿಸುವಾಗ ಕೈಜಾರಿ ಬಿದ್ದು ಒಡೆದುಹೋಯಿತು ಎಂದೆ.

ಅತ್ತೆ ಅಳುತ್ತಾಳೆ, ಇಲ್ಲವೇ ಬಯ್ಯುತ್ತಾಳೆ ಎಂದು ಎರಡಕ್ಕೂ ಸಿದ್ಧನಾಗಿದ್ದೆ. ಅವಳು ಎರಡನ್ನೂ ಮಾಡಲಿಲ್ಲ. "ಎರಡು ಹೋಳಾಯ್ತೋ, ಮೂರು ಹೋಳಾಯ್ತೋ?" ಎಂದು ಕೇಳಿದಳು. ಇಂಥ ಪ್ರಶ್ನೆ ಬರಬಹುದು ಎಂದು ಯಾವ ಸುಳ್ಳುಗಾರ ತಾನೆ ಊಹಿಸುತ್ತಾನೆ? ಕಡಿಮೆ ನಷ್ಟ ಹೇಳಿದರೆ ಕಡಿಮೆ ದುಃಖವಾದೀತು ಎಂದುಕೊಂಡು "ಎರಡು" ಎಂದುಬಿಟ್ಟೆ. ಅತ್ತೆಯ ಮುಖ ಬಿಳಚಿಕೊಂಡಿತು. ಮೂರು ಹೋಳಾದರೆ ಪರವಾಗಿಲ್ಲವಂತೆ. ಎರಡಾದರೆ ಮನೆಯ ಗಂಡಸಿಗೆ ಕಂಟಕವಂತೆ. ನಾನು ಕೂಡಲೇ "ಒಂದು ಸಣ್ಣ ಚೂರೂ ಬಿದ್ದಿತ್ತು, ಲೆಕ್ಕಕ್ಕೆ ಹಿಡಿದರೆ ಮೂರಾಗುತ್ತೆ" ಎಂದು ತಿದ್ದಲು ನೋಡಿದೆ. "ಚೂರು ಹೋಳಲ್ಲ ಕಣೋ, ಸುಮ್ಕಿರು" ಎಂದಳು. ಅವತ್ತು ಸಂಜೆಯೇ ದೇವರ ಮುಂದೆ ದೀಪ ಹಚ್ಚಿ, ನನ್ನ ಆಯಸ್ಸಿಗೋಸ್ಕರ ಕಾಫಿ ಬಿಟ್ಟುಬಿಟ್ಟಳು.

ಗೌರತ್ತೆ ಕಾಫಿ ಬಿಡುವುದು ಎಂದರೆ ಏನೆಂದು ಅವಳನ್ನು ಬಲ್ಲವರಿಗೇ ಗೊತ್ತು. ಸೀರೆ, ಒಡವೆ, ಊಟದ ರುಚಿ ಎಲ್ಲವನ್ನೂ ಇಪ್ಪತ್ಮೂರನೆಯ ವಯಸ್ಸಿಗೇ ಬಿಟ್ಟವಳಿಗೆ ಉಳಿದಿದ್ದ ಒಂದೇ ಐಷಾರಾಮ ಅದು. ಬೆಲ್ಲ ಹಾಕಿ, ಹಿತ್ತಾಳೆ ಲೋಟದಲ್ಲಿ, ಹೊಸ್ತಿಲ ಮೇಲೆ ಕೂತು ಕುಡಿಯುವಳು. ಆ ಹೊತ್ತಿಗೆ ಬಾಗಿಲಿಗೆ ಯಾರು ಬಂದರೂ ಕಾಯಬೇಕಿತ್ತು. ಅವತ್ತಿನಿಂದ ಆರು ವರ್ಷ ಒಂದು ತೊಟ್ಟು ಮುಟ್ಟಿರಲಿಲ್ಲ. ನಾನಾದರೂ ಬಿಟ್ಟೆನೇ? ಬಿಟ್ಟರೆ ಅನುಮಾನ ಬರುತ್ತದಲ್ಲ! ದಿನಾ ಬೆಳಿಗ್ಗೆ ಅವಳೆದುರಿಗೇ ಕೂತು ಕುಡಿಯುತ್ತಿದ್ದೆ. ಅವಳು ಮೂಗರಳಿಸಿ, "ಇವತ್ತು ಡಿಕಾಕ್ಷನ್ ಹೆಂಗೈತೋ? ಗಟ್ಟಿ ಬಂದೈತಾ?" ಎಂದು ವಿಚಾರಿಸುತ್ತಿದ್ದಳು. ನಾನು ವರ್ಣಿಸಬೇಕು. ಅವಳು ಕಣ್ಣು ಮುಚ್ಚಿ ಕೇಳಬೇಕು. ಆಮೇಲೆ ಅದೇ ಸ್ಟೀಲ್ ಬಕೆಟ್ಟಿನಲ್ಲಿ ನೀರು ತುಂಬಿಕೊಂಡು ಸ್ನಾನಕ್ಕೆ ಹೋಗುತ್ತಾ, "ಕಾರ್ಖಾನೆಯೋರು ಪುಣ್ಯಾತ್ಮರು, ಎಂಥ ಬಕೆಟ್ ಕೊಟ್ಟವ್ರೆ!" ಎನ್ನುವಳು. ಆ ಕಾಫಿ ನನ್ನ ಗಂಟಲಲ್ಲಿ ಹೇಗೆ ಇಳಿಯುತ್ತಿತ್ತು ಎನ್ನುವುದನ್ನು ಮಾತ್ರ ನಾನು ವರ್ಣಿಸುತ್ತಿರಲಿಲ್ಲ. ನಿಜ ಹೇಳಿಬಿಡೋಣ ಎಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಆದರೆ ಸುಳ್ಳಿಗೆ ಒಂದು ವಾರ ಕಳೆದ ಮೇಲೆ ನಿಜ ಹೇಳುವುದಕ್ಕೆ ಇನ್ನೊಂದು ಸುಳ್ಳು ಬೇಕಾಗುತ್ತದೆ. ಆರು ವರ್ಷವಾದರೆ ಕೇಳಲೇಬೇಡಿ.

ಹೀಗಿರುವಾಗ ನಮ್ಮ ಕಾರ್ಖಾನೆಯಲ್ಲಿ ಸಂಸಾರ ಸಮೇತ ಒಂದು ದಿನದ ಪ್ರವಾಸ ಎಂದು ಗೊತ್ತಾಯಿತು. ವ್ಯವಸ್ಥೆಯೆಲ್ಲ ನನ್ನ ಸಹೋದ್ಯೋಗಿ ನಂಜುಂಡಪ್ಪನದು. ಕುಣಿಗಲ್ಲಿನಿಂದ ಸ್ವಲ್ಪ ಮುಂದೆ ನಿವೃತ್ತ ಎಂಜಿನಿಯರೊಬ್ಬರು ತಮ್ಮ ತೋಟದ ಪಕ್ಕದಲ್ಲಿ ನೂರು ವರ್ಷದ ಹಿಂದಿನ ಒಂದು ಹಳ್ಳಿಯನ್ನೇ ಕಟ್ಟಿ ಕಾಪಾಡಿದ್ದಾರೆಂದೂ, ಎಲ್ಲೆಲ್ಲೋ ಬೀಳುತ್ತಿದ್ದ ಹಳೇ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದ್ದಾರೆಂದೂ ಅವನು ನೋಡಿಕೊಂಡು ಬಂದು ವರದಿ ಒಪ್ಪಿಸಿದ. ನಾನು ಬೋಲ್ಟು ಎಣಿಸುತ್ತಾ ಅರ್ಧ ಕಿವಿಯಲ್ಲಿ ಕೇಳುತ್ತಿದ್ದೆ. "ನಿಮ್ಮ ಗುಬ್ಬಿ ಕಡೆಯಿಂದ ಬಂದಿರೋ ಒಂದು ಬೀಸೋಕಲ್ಲೂ ಇದೆ ಮಾರಾಯ. ಅಂಚಲ್ಲಿ ಅರ್ಧಚಂದ್ರದ ಥರ ಚೂರು ಹಾರಿದೆ. ತಿರುಗಿಸಿದ್ರೆ ಒಂದ್ ಸುತ್ತಿಗೆ ಒಂದ್ಸಲ ಟಕ್ ಅನ್ನುತ್ತೆ. ಭಾಳ ತಮಾಷೆ!" ಎಂದ. ನನ್ನ ಎಣಿಕೆ ತಪ್ಪಿತು. ಅವತ್ತು ಎಣಿಸಿದ ಬೋಲ್ಟುಗಳ ಸಂಖ್ಯೆ ಇವತ್ತಿಗೂ ಸ್ಟೋರಿನ ಪುಸ್ತಕಕ್ಕೆ ತಾಳೆಯಾಗಿಲ್ಲ.

ಮನೆಗೆ ಬಂದು ಪ್ರವಾಸದ ಸುದ್ದಿಯನ್ನೇ ಎತ್ತಬಾರದು ಎಂದುಕೊಂಡಿದ್ದೆ. ನಂಜುಂಡಪ್ಪನ ಹೆಂಡತಿ ತರಕಾರಿ ಗಾಡಿಯ ಹತ್ತಿರ ಮೊದಲೇ ಎತ್ತಿಯಾಗಿತ್ತು. "ನೂರು ವರ್ಷದ ಹಳ್ಳಿಯಂತೆ! ನಾನೂ ಬತ್ತೀನಿ ಕಣೋ" ಎಂದು ಅತ್ತೆ ಹೊಸ್ತಿಲಲ್ಲೇ ಹಿಡಿದಳು. ಬಸ್ಸು ಕುಲುಕುತ್ತದೆ ಎಂದೆ. ಗಾಡಿಗಿಂತಲಾ ಎಂದಳು. ತುಂಬಾ ನಡೆಯಬೇಕು ಎಂದೆ. ಹಾಗಲವಾಡಿಯಿಂದ ಗುಬ್ಬಿ ಜಾತ್ರೆಗೆ ನಡೆದು ಬಂದಿದ್ದ ಕಥೆ ಶುರು ಮಾಡಿದಳು. ಅಲ್ಲಿ ನೋಡುವಂಥದ್ದೇನೂ ಇಲ್ಲ, ಬರೀ ಹಳೇ ಸಾಮಾನು ಎಂದೆ. "ಹಳೇ ಸಾಮಾನು ನೋಡಕ್ಕೆ ಇನ್ನೊಂದು ಹಳೇ ಸಾಮಾನೇ ಹೋಗ್ಬೇಕು ಬುಡು" ಎಂದು ನಕ್ಕಳು. ಒಳಗೆ ಹೋಗಿ ಶಾರದೆಯ ಮುಂದೆ ಕೈಮುಗಿದೆ. ವಿಷಯವೆಲ್ಲ ಗೊತ್ತಿದ್ದವಳು ಅವಳೊಬ್ಬಳೇ. "ಹೇಗಾದ್ರೂ ಮಾಡಿ ಅತ್ತೇನ ನಿಲ್ಲಿಸು" ಎಂದೆ. ಅವಳು ಸಾರಿಗೆ ಒಗ್ಗರಣೆ ಹಾಕುತ್ತಾ, ತಿರುಗಿಯೂ ನೋಡದೆ, "ನೀವು ಹೆತ್ತ ಸುಳ್ಳು, ನೀವೇ ಸಾಕ್ಕೊಳ್ಳಿ" ಎಂದಳು.

ಪ್ರವಾಸದ ಬೆಳಿಗ್ಗೆ ನನಗೆ ನಿಜವಾಗಿಯೂ ಹೊಟ್ಟೆ ಕೆಟ್ಟಿತ್ತು. ಆದರೆ ನಾನು ಹೋಗದೆ ಅತ್ತೆಯೊಬ್ಬಳನ್ನೇ ಕಳಿಸುವುದು ಇನ್ನೂ ಅಪಾಯ. ಬಸ್ಸಿನಲ್ಲಿ ಎಲ್ಲರೂ ಅಂತ್ಯಾಕ್ಷರಿ ಹಾಡುತ್ತಿದ್ದರೆ ನಾನು ಕಿಟಕಿಗೆ ತಲೆಯಾನಿಸಿ, ಟೈರು ಪಂಕ್ಚರ್ ಆಗಲಿ ಎಂದು ಹರಕೆ ಹೊರುತ್ತಿದ್ದೆ. ಆ ಟೈರಿನಷ್ಟು ಗಟ್ಟಿಯಾದ ಟೈರನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಕುಣಿಗಲ್ಲಿನಲ್ಲಿ ತಿಂಡಿಗೆ ನಿಲ್ಲಿಸಿದಾಗ, ಕೆರೆಯ ಏರಿಯ ಮೇಲೇ ಇವತ್ತು ಕಳೆಯೋಣ, ಎಂಥ ಗಾಳಿ, ಎಂಥ ನೀರು ಎಂದು ಹೊಗಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಗಾದರೆ ಕುದುರೆ ಸಾಕುವ ಫಾರಮ್ಮಿಗಾದರೂ ಹೋಗೋಣ, ಮಕ್ಕಳಿಗೆ ಕುದುರೆ ಎಂದರೆ ಪ್ರಾಣ ಎಂದೆ. "ನಿನಗೆ ಮಕ್ಕಳೇ ಇಲ್ಲವಲ್ಲೋ, ನಿನಗ್ಯಾಕೆ ಕುದುರೆ?" ಎಂದು ನಂಜುಂಡಪ್ಪ ಹತ್ತು ಜನರ ಮುಂದೆ ನಕ್ಕುಬಿಟ್ಟ. ಅತ್ತೆ ಹೋಟೆಲಿನ ಬೆಂಚಿನ ತುದಿಯಲ್ಲಿ ಕೂತು ಬೇರೆಯವರ ಲೋಟಗಳಿಂದ ಏಳುತ್ತಿದ್ದ ಹಬೆ ನೋಡುತ್ತಾ ನೀರು ಕುಡಿದಳು. ನಾನು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. "ಯಾಕೋ, ಚೆಲ್ತಿದ್ದೀಯಾ? ಚೆನ್ನಾಗಿಲ್ವಾ?" ಎಂದಳು. ನಿಜವಾದ ಸಂಕಟ ಅವಳ ದನಿಯಲ್ಲಿತ್ತು.

ಹಳ್ಳಿಯ ಬಾಗಿಲಲ್ಲಿ ಎಂಜಿನಿಯರ್ ರಾಮಲಿಂಗಯ್ಯನವರು ತಾವೇ ನಿಂತು ಬರಮಾಡಿಕೊಂಡರು. ಕಚ್ಚೆ, ರುಮಾಲು, ಹೆಗಲ ಮೇಲೆ ಕಂಬಳಿ. ಅದರ ನಡುವೆ ದಪ್ಪ ಫ್ರೇಮಿನ ಕನ್ನಡಕ. "ಇಲ್ಲಿಂದ ಒಳಗೆ ನೀವು ನೂರು ವರ್ಷ ಹಿಂದಕ್ಕೆ ಹೋಗ್ತೀರಿ. ವಾಚು, ಟ್ರಾನ್ಸಿಸ್ಟರು ಇಲ್ಲೇ ಬಿಡಬೇಕು. ಒಳಗೆ ಕರೆಂಟಿಲ್ಲ, ಸಕ್ಕರೆಯಿಲ್ಲ, ಸೋಪಿಲ್ಲ, ಕಾಫಿ ಟೀ ಇಲ್ಲ. ಬಾಯಾರಿದರೆ ಮಜ್ಜಿಗೆ, ಪಾನಕ" ಎಂದು ನಿಯಮ ಓದಿದರು. ನೂರು ವರ್ಷ ಹಿಂದಕ್ಕೆ ಹೋಗುವುದಾದರೆ ಹೋಗುವ ದಾರಿಯಲ್ಲಿ ಆರು ವರ್ಷದ ಹಿಂದೆ ಒಂದು ನಿಮಿಷ ನಿಲ್ಲಿಸಿ, ನಾನು ಇಳಿದು ಒಂದು ಮಾತು ತಿದ್ದಿಕೊಂಡು ಬರುತ್ತೇನೆ ಎಂದು ಕೇಳುವ ಹಾಗಿದ್ದರೆ!

ಒಳಗೆ ಒಂದು ಬೀದಿ, ಎರಡು ಸಾಲು ಮಣ್ಣಿನ ಮನೆ, ಕಮ್ಮಾರನ ಕುಲುಮೆ, ಗಾಣ, ಕಣಜ, ಕೊಟ್ಟಿಗೆ ಎಲ್ಲ ಇದ್ದವು. ಎಲ್ಲವೂ ಅಚ್ಚುಕಟ್ಟು. ಬೀದಿಯ ಕೊನೆಯಲ್ಲಿದ್ದ ದೊಡ್ಡ ಮನೆಯಲ್ಲಿ ಅಡಿಗೆಮನೆ ಸಾಮಾನುಗಳಿವೆ ಎಂದು ನಂಜುಂಡಪ್ಪನಿಂದ ಮೊದಲೇ ತಿಳಿದುಕೊಂಡಿದ್ದೆ. ನನ್ನ ಯೋಜನೆ ಸರಳವಾಗಿತ್ತು: ಅತ್ತೆಯನ್ನು ಈ ತುದಿಯಲ್ಲೇ ಹಿಡಿದಿಟ್ಟು, ಊಟದ ಹೊತ್ತಾಗುವಂತೆ ಮಾಡಿ, ಆಮೇಲೆ ಕಾಲುನೋವು ಬರಿಸಿ, ಬಸ್ಸಿನಲ್ಲಿ ಕೂರಿಸುವುದು. ಮೊದಲ ಅರ್ಧ ಗಂಟೆ ಇದು ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ನಡೆಯಿತು. ಅತ್ತೆ ಪ್ರತಿ ಮನೆಯ ಮುಂದೂ ನಿಂತು ತಪ್ಪು ಹುಡುಕತೊಡಗಿದಳು. "ಇದೆಂಥ ಕೊಟ್ಟಿಗೆ ಸ್ವಾಮಿ, ಒಂದು ಬೊಗಸೆ ಸಗಣೀನೂ ಇಲ್ಲ?" ಎಂದಳು. ರಾಮಲಿಂಗಯ್ಯನವರು "ಪ್ರವಾಸಿಗರು ಬರ್ತಾರಲ್ಲಮ್ಮ" ಎಂದರು. "ಒಲೆ ಹಿಂದ್ಗಡೆ ಗೋಡೆ ಇಷ್ಟು ಬೆಳ್ಳಗೆ ಐತಲ್ಲ, ಅಡಿಗೆ ಮಾಡ್ದೆ ಉಪವಾಸ ಬಿದ್ದಿದ್ರಾ ಜನ? ತೊಟ್ಲು ಹೋಗಿ ಬಾಗ್ಲೆದ್ರಿಗೆ ಕಟ್ಟವ್ರೆ. ಗಾಳಿಗೆ ಕೂಸು ಬದುಕೀತಾ?" ಅವರು ಮೊದಲು ಮುಖ ಗಂಟಿಕ್ಕಿದರು. ಐದನೆಯ ತಪ್ಪಿನ ಹೊತ್ತಿಗೆ ಕಂಬಳಿಯೊಳಗಿಂದ ಒಂದು ನೋಟ್‌ಬುಕ್ಕು, ಬಾಲ್‌ಪೆನ್ನು ತೆಗೆದು ಬರೆದುಕೊಳ್ಳತೊಡಗಿದರು. ಬಾಲ್‌ಪೆನ್ನು ನೂರು ವರ್ಷದ ಹಿಂದೆ ಇತ್ತೇ ಎಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅತ್ತೆ ಮುಂದಡಿಯಿಟ್ಟಾಗಲೆಲ್ಲ "ಅತ್ತೆ, ಈ ಹಗ್ಗ ನೋಡಿದ್ಯಾ? ಅತ್ತೆ, ಈ ಮೊಳೆ ನೋಡು" ಎಂದು ಹಿಂದಕ್ಕೆ ಕರೆಯುತ್ತಿದ್ದೆ. "ಮೊಳೆ ನೋಡಕ್ಕೆ ನೀನು ಕಾರ್ಖಾನೆ ಬುಟ್ಟು ಇಲ್ಲಿಗೆ ಬರ್ಬೇಕಿತ್ತಾ?" ಎಂದು ಅವಳು ನನ್ನನ್ನೇ ವಿಚಿತ್ರವಾಗಿ ನೋಡಿದಳು.

ಕಣ್ಣಿಗೆ ಬೀಳದ ಹಾಗೆ ನೋಡಿಕೊಂಡೆ. ಕಿವಿಯ ವಿಷಯ ನನಗೆ ಹೊಳೆಯಲೇ ಇಲ್ಲ. ಕಣಜದ ಮುಂದೆ ನಿಂತು, ರಾಗಿಗೆ ಹುಳು ಬೀಳದಂತೆ ಯಾವ ಸೊಪ್ಪು ಹಾಕಬೇಕು ಎಂದು ಅತ್ತೆ ರಾಮಲಿಂಗಯ್ಯನವರಿಗೆ ಬರೆಸುತ್ತಿದ್ದಳು. ಬೀದಿಯ ಆ ತುದಿಯಿಂದ ಹೆಂಗಸರ ನಗು ಕೇಳಿಸಿತು. ಯಾರೋ ಬೀಸಿ ತೋರಿಸುತ್ತಿದ್ದರು ಅಂತ ಕಾಣುತ್ತದೆ. ಗರ್‍ರ್... ಟಕ್. ಗರ್‍ರ್... ಟಕ್.

ಅತ್ತೆಯ ಮಾತು ನಡುವೆಯೇ ನಿಂತಿತು. ನಾನು ಜೋರಾಗಿ ಕೆಮ್ಮಿದೆ. ಕಮ್ಮಾರನ ಕುಲುಮೆ ತೋರಿಸಿ ಏನೋ ಕೂಗಿದೆ. ಅವಳು ನನ್ನ ಕಡೆ ನೋಡಲಿಲ್ಲ. ಸೆರಗನ್ನು ಹೆಗಲ ಮೇಲೆ ಸರಿಯಾಗಿ ಎಳೆದುಕೊಂಡು, ಯಾರೋ ಹೆಸರು ಹಿಡಿದು ಕರೆದ ಹಾಗೆ, ಸೀದಾ ಬೀದಿಯ ಕೊನೆಗೆ ನಡೆದಳು. ಕಾಲು ನೋವು ಗೀವು ಒಂದೂ ಇರಲಿಲ್ಲ. ನಾನು ಹಿಂದೆ ಓಡಿದೆ. ನನ್ನ ಹಿಂದೆ ನೋಟ್‌ಬುಕ್ಕು ಹಿಡಿದು ರಾಮಲಿಂಗಯ್ಯನವರು.

ದೊಡ್ಡಮನೆಯ ಪಡಸಾಲೆಯಲ್ಲಿ ಕಲ್ಲು ಕೂತಿತ್ತು. ನಂಜುಂಡಪ್ಪನ ಹೆಂಡತಿ ಗೂಟ ಹಿಡಿದು ತಿರುಗಿಸುತ್ತಿದ್ದಳು. ಗೋಡೆಯ ಮೇಲೆ ಒಂದು ಹಲಗೆ: 'ಹತ್ತೊಂಬತ್ತನೆಯ ಶತಮಾನ. ಗುಬ್ಬಿ ಸೀಮೆಯ ರಾಜಮನೆತನವೊಂದರ ಬೀಸುವ ಕಲ್ಲು.' ಅತ್ತೆ ಅವಳ ಭುಜ ಮುಟ್ಟಿ "ವಸಿ ಏಳವ್ವ" ಎಂದಳು. ಕೆಳಗೆ ಕೂತಳು. ಎಡಗಾಲು ಚಾಚಿದಳು. ಅಂಚಿನ ಆ ಅರ್ಧಚಂದ್ರದೊಳಗೆ ಹೆಬ್ಬೆರಳಿಟ್ಟು ಸವರಿದಳು. ಆಮೇಲೆ ಒಂದು ಹಿಡಿ ರಾಗಿ ಹಾಕಿ ಬೀಸತೊಡಗಿದಳು. ಸುತ್ತ ನಿಂತವರು ಮೊದಲು ಚಪ್ಪಾಳೆ ತಟ್ಟಿದರು. ಅವಳು ನಿಲ್ಲಿಸದೇ ಇದ್ದದ್ದು ನೋಡಿ ಒಬ್ಬೊಬ್ಬರೇ ಸುಮ್ಮನಾದರು. ಹಿಡಿ ರಾಗಿ ಹಿಟ್ಟಾಗುವವರೆಗೂ ಬೀಸಿದಳು. ಅಷ್ಟು ಹೊತ್ತೂ ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ.

ರಾಮಲಿಂಗಯ್ಯನವರು ಉತ್ಸಾಹದಿಂದ ಹಲಗೆಯನ್ನು ಓದಿ ಹೇಳಿದರು. ಅತ್ತೆ ತಲೆಯೆತ್ತಿದಳು. "ನೂರು ವರ್ಷದ್ದಾ? ಹಂಗಾರೆ ನಂಗೆಷ್ಟು ವಯಸ್ಸು ಸ್ವಾಮಿ? ಇದು ಯಾವ ರಾಜನ್ದೂ ಅಲ್ಲ. ನಮ್ಮೆಜಮಾನ್ರು ಸಂತೇಲಿ ನಂಗೇಂತ ತಂದದ್ದು." ಆಮೇಲೆ ಜನರ ನಡುವೆ ನನ್ನನ್ನು ಹುಡುಕಿ ಹಿಡಿದಳು. ಅವಳ ದನಿ ಎತ್ತರವಾಗಿರಲಿಲ್ಲ. "ಏನ್ಲಾ, ಎಷ್ಟು ಹೋಳಾಗಿತ್ತು ಅಂದೆ?"

"ಎ... ಎರಡು" ಎಂದೆ. ಆರು ವರ್ಷದ ಅಭ್ಯಾಸ.

ಅವಳು ಕಲ್ಲಿನ ಮೇಲಿನ ಭಾಗವನ್ನೊಮ್ಮೆ, ಕೆಳಗಿನ ಭಾಗವನ್ನೊಮ್ಮೆ ಅಂಗೈಯಿಂದ ತಟ್ಟಿದಳು. "ಸರಿಯಾಗೇ ಹೇಳಿದ್ದೀಯ. ಮ್ಯಾಲಿನ್ದೊಂದು, ಕೆಳಗಿನ್ದೊಂದು. ಬೀಸೋಕಲ್ಲು ಹುಟ್ಟಿದಾಗಿಂದ ಎರಡೇ ಹೋಳು" ಎಂದಳು. ಯಾರೋ ಒಬ್ಬರು ನಕ್ಕರು. ಶಾರದೆ ನಗಲಿಲ್ಲ. ನೆಲದ ಮಣ್ಣು ನೂರು ವರ್ಷದ್ದೇ ಆಗಿದ್ದರೆ ಅದು ಅಷ್ಟು ಹೊತ್ತಿಗೆ ನನ್ನನ್ನು ನುಂಗಬಹುದಿತ್ತು. ಹೊಸದಾಗಿ ಹಾಕಿಸಿದ್ದೆಂದು ಕಾಣುತ್ತದೆ, ನುಂಗಲಿಲ್ಲ.

ಅತ್ತೆ ಕೈಯ ಹಿಟ್ಟು ಕೊಡವಿ ಎದ್ದು, ರಾಮಲಿಂಗಯ್ಯನವರ ಕಡೆ ತಿರುಗಿ, "ಸ್ವಾಮಿ, ನಂಗೊಂದು ಲೋಟ ಕಾಫಿ ಬೇಕು" ಎಂದಳು.

ಅವರು ಗಾಬರಿಯಾದರು. "ಅಮ್ಮ, ಬಾಗಿಲಲ್ಲೇ ಹೇಳಿದೆನಲ್ಲ. ಈ ಊರಲ್ಲಿ ಕಾಫಿ ಇನ್ನೂ ಬಂದಿಲ್ಲ. ಮಜ್ಜಿಗೆ ತರಿಸಲಾ?"

"ಮಜ್ಜಿಗೆ ಬ್ಯಾಡ. ಇವನ ಜೀವಕ್ಕೆ ಕಂಟಕ ಅಂತ ಆರು ವರ್ಷದಿಂದ ಕಾಫಿ ಬುಟ್ಟಿದ್ದೀನಿ. ಇವತ್ತು ಗೊತ್ತಾಯ್ತು, ಇವನಿಗೆ ಏನೂ ಆಗಕ್ಕಿಲ್ಲ, ಗಟ್ಟಿ ಜೀವ. ಈಗ್ಲೇ ಬೇಕು. ತುಮಕೂರು ಗಂಟ ಕಾಯಕ್ಕಾಗಲ್ಲ."

ಆ ಊರಿನ ನಿಯಮಗಳನ್ನೆಲ್ಲ ತಾವೇ ಬರೆದಿದ್ದ ಮನುಷ್ಯ ಅತ್ತೆಯ ಮುಖವನ್ನೂ ನನ್ನ ಮುಖವನ್ನೂ ಕನ್ನಡಕದ ಮೇಲಿನಿಂದ ಒಂದಾದ ಮೇಲೊಂದು ನೋಡಿದರು. ಆಮೇಲೆ ಮಾತಾಡದೆ ಹೊರಗೆ ಹೋಗಿ ಹುಲ್ಲಿನ ಬಣವೆಯ ಹಿಂದೆ ಕೈಹಾಕಿ, ಕೆಂಪು ಬಣ್ಣದ ಒಂದು ಫ್ಲಾಸ್ಕು ತೆಗೆದುಕೊಂಡು ಬಂದರು. "ನನ್ನ ಹನ್ನೊಂದು ಗಂಟೆಯ ಕಾಫಿ. ಯಾರಿಗೂ ಹೇಳಬೇಡಿ" ಎಂದು ನಲವತ್ತು ಜನರ ಮುಂದೆ ಪಿಸುಗುಟ್ಟಿದರು. ಅತ್ತೆ ಹೊಸ್ತಿಲ ಮೇಲೆ ಕೂತು, ಫ್ಲಾಸ್ಕಿನ ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು, ಊದದೆ, ಮಾತಾಡದೆ ಕುಡಿದಳು. ಮುಗಿದ ಮೇಲೆ ಮುಚ್ಚಳ ಮುಂದೆ ಚಾಚಿದಳು. ಇನ್ನೊಂದು ಸಲ ತುಂಬಿಸಿದರು. ಮೂರನೆಯ ಸಲಕ್ಕೆ ಫ್ಲಾಸ್ಕು ಬಗ್ಗಿಸಿದರೆ ಒಂದು ತೊಟ್ಟೂ ಬೀಳಲಿಲ್ಲ.

ಜನ ಊಟಕ್ಕೆಂದು ಚದುರಿದರು. ನಾನು ಹೋಗಿ ಅವಳ ಪಕ್ಕದಲ್ಲಿ ಒಂದು ಮೊಳ ದೂರ ಬಿಟ್ಟು ಕೂತೆ. ಮಾಲೀಕರ ರಕ್ತದೊತ್ತಡ, ಬಕೆಟ್ಟಿನ ವ್ಯಾಪಾರ, ಎಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ. ಬಯ್ಯಲಿ ಎಂದು ಕಾದೆ. ಅವಳು ಬೀದಿಯನ್ನೇ ನೋಡುತ್ತಾ ಹೇಳಿದಳು: "ಕಲ್ಲು ಹೋಗಿದ್ದಕ್ಕಲ್ಲ ಕಣೋ. ಮಹಡಿ ಮನೇಲಿ ಬೀಸಕ್ಕಾಗಲ್ಲ ಅಂತ ನಂಗೊತ್ತಿರ್ಲಿಲ್ವಾ? ನೀನು ಬಂದು, ಅತ್ತೆ, ಈ ಕಲ್ಲು ಕೊಟ್ಬುಡ್ಲಾ ಅಂತ ಒಂದು ಮಾತು ಕೇಳಿದ್ರೆ ನಾನು ಬ್ಯಾಡ ಅಂತಿದ್ನಾ? ಕೇಳ್ಬೇಕಿತ್ತು. ಅಷ್ಟೇಯ."

ಬೈಗುಳವಾಗಿದ್ದರೆ ತಲೆ ತಗ್ಗಿಸಿ ಕೇಳಿಸಿಕೊಂಡು ಮುಗಿಸಿಬಿಡಬಹುದಿತ್ತು. ನಾನು ಅವಳ ಕಾಲು ಮುಟ್ಟಲು ಬಗ್ಗಿದೆ. "ಏಳು, ಊಟ ಆರೋಗ್ತೈತೆ" ಎಂದು ನನ್ನ ತಲೆಯ ಮೇಲೆ ಕೈಯಿಟ್ಟೇ ಆಸರೆ ಮಾಡಿಕೊಂಡು ಎದ್ದಳು.

ಊಟವಾದ ಮೇಲೆ ರಾಮಲಿಂಗಯ್ಯನವರು ಬಂದು, "ಅಮ್ಮ, ನಿಮ್ಮ ಕಲ್ಲನ್ನ ನೀವು ತಗೊಂಡು ಹೋಗಿ. ಬಸ್ಸಿನ ಮೇಲೆ ಕಟ್ಟಿಸಿಕೊಡ್ತೀನಿ" ಎಂದರು. ಅತ್ತೆ ಬೇಡವೆಂದಳು. "ಇಲ್ಲಿ ದಿನಾ ಯಾರಾದ್ರೂ ಬಂದು ತಿರುಗಿಸ್ತಾರೆ. ನಮ್ಮನೇಲಿ ಸುಮ್ಕೆ ಕೂತಿರ್ಬೇಕಾಯ್ತದೆ. ಆದ್ರೆ ಆ ಹಲಗೇಲಿರೋ ಸುಳ್ಳು ಬ್ಯಾಡ, ನಿಜ ಬರೆಸಿ." ಅವರು ಕೂಡಲೇ ಹೊಸ ಹಲಗೆ, ಬಿಳಿ ಬಣ್ಣ, ಕುಂಚ ತರಿಸಿದರು. ಬರೆಯುವವರು ಯಾರು? ನಂಜುಂಡಪ್ಪ ನನ್ನನ್ನು ಮುಂದೆ ತಳ್ಳಿದ. ಕಾರ್ಖಾನೆಯ 'ಧೂಮಪಾನ ನಿಷೇಧ', 'ಎಚ್ಚರಿಕೆ' ಎಲ್ಲ ನನ್ನ ಅಕ್ಷರವೇ. ಅತ್ತೆಗೆ ಓದು ಬರಹ ಬಾರದು. ನನ್ನ ಪಕ್ಕ ನಿಂತು ಬಾಯಲ್ಲಿ ಹೇಳಿ ಬರೆಸಿದಳು: "ಹಾಗಲವಾಡಿಯ ಪುಟ್ಟಗೌರಮ್ಮನ ಬೀಸೋಕಲ್ಲು. ಅವಳ ಯಜಮಾನ್ರು ಸಂತೆಯಿಂದ ತಂದದ್ದು." ಬರೆದೆ. ಸ್ವಲ್ಪ ಯೋಚಿಸಿ, ಮುಂದಿನ ಸಾಲು ಹೇಳಿದಳು: "ಈ ಊರಿಗೆ ಅವಳ ಅಣ್ಣನ ಮಗ ಪ್ರೀತಿಯಿಂದ ಕೊಟ್ಟದ್ದು."

ನಾನು ತಲೆಯೆತ್ತಿ ನೋಡಿದೆ. ನಿಜ ಬರೆಸಿ ಎಂದವಳು ನನಗೋಸ್ಕರ ಹಲಗೆಯ ಮೇಲೆ ಅಷ್ಟು ದೊಡ್ಡ ಸುಳ್ಳು ಹಾಕಿಸುತ್ತಿದ್ದಳು. "ಬರಿಯೋ, ಬಣ್ಣ ಒಣಗ್ತೈತೆ" ಎಂದಳು. ಕಣ್ಣು ಮಂಜಾಗಿತ್ತು, ಆಚೆ ಬಸ್ಸಿನವನು ಹಾರನ್ ಒತ್ತುತ್ತಿದ್ದ. ಹೇಗೋ ಬರೆದು ಮುಗಿಸಿ, ಹಲಗೆಯನ್ನು ಗೋಡೆಗೆ ಆನಿಸಿ, ಓಡಿ ಬಸ್ಸು ಹತ್ತಿದೆವು.

ಎರಡು ತಿಂಗಳ ಮೇಲೆ ಅತ್ತೆಯನ್ನು ಕರೆದುಕೊಂಡು ಮತ್ತೆ ಹೋದಾಗ ಹಲಗೆಯ ಮುಂದೆ ಜನ ನಿಂತು ನಗುತ್ತಿದ್ದರು. ಹತ್ತಿರ ಹೋಗಿ ಓದಿದೆ. ನನ್ನ ದುಂಡನೆಯ ಅಕ್ಷರದಲ್ಲಿ, ಯಾವ ಅನುಮಾನಕ್ಕೂ ಎಡೆಯಿಲ್ಲದಂತೆ ಬರೆದಿತ್ತು: 'ಈ ಊರಿಗೆ ಅವಳ ಅಣ್ಣನ ಮಗ ಭೀತಿಯಿಂದ ಕೊಟ್ಟದ್ದು.'

ಅತ್ತೆ ಬೀಸಲು ಕೂತಾಗ ರಾಮಲಿಂಗಯ್ಯನವರನ್ನು ಬಣವೆಯ ಹಿಂದೆ ಎಳೆದುಕೊಂಡು ಹೋಗಿ, ಒಂದೇ ಅಕ್ಷರ, ಒಂದೇ ನಿಮಿಷ, ತಿದ್ದಿಬಿಡುತ್ತೇನೆ ಎಂದು ಬೇಡಿಕೊಂಡೆ. ಅವರು ಒಪ್ಪಲಿಲ್ಲ. "ಇಲ್ಲಿ ಯಾವುದನ್ನೂ ತಿದ್ದೋ ಹಾಗಿಲ್ಲ ಸ್ವಾಮಿ, ಇದ್ದದ್ದು ಇದ್ದ ಹಾಗೇ ಉಳೀಬೇಕು. ಅಲ್ಲದೆ ಆವತ್ತು ನಿಮ್ಮ ಮುಖ ನೋಡಿದೋನು ನಾನು. ಅಕ್ಷರ ತಪ್ಪೇನೂ ಆಗಿಲ್ಲ" ಎಂದರು. ಸದ್ಯ, ಅತ್ತೆಗೆ ಓದಲು ಬಾರದಲ್ಲ ಎನ್ನುವುದೊಂದೇ ಸಮಾಧಾನ. "ಅದೇನು ಬರ್ದಿದ್ದೀಯ, ಇನ್ನೊಂದ್ಸಲ ಓದು" ಎಂದು ಅವಳು ಹೋದಾಗಲೆಲ್ಲ ಕೇಳುತ್ತಾಳೆ. ನಾನು ಗಂಟಲು ಸರಿಮಾಡಿಕೊಂಡು "ಪ್ರೀತಿಯಿಂದ" ಎಂದು ಓದುತ್ತೇನೆ. ಪಕ್ಕದಲ್ಲಿ ನಿಂತ ಅಪರಿಚಿತರು ಒಮ್ಮೆ ಹಲಗೆ ನೋಡುತ್ತಾರೆ, ಒಮ್ಮೆ ನನ್ನನ್ನು ನೋಡುತ್ತಾರೆ.

ಹೋದ ತಿಂಗಳಿನಿಂದ ನಮ್ಮ ಬೀದಿಯ ಶಾಲೆಯ ಜಗುಲಿಯಲ್ಲಿ ಮಧ್ಯಾಹ್ನ ಹೆಂಗಸರಿಗೆ ವಯಸ್ಕರ ಶಿಕ್ಷಣದ ತರಗತಿ ಶುರುವಾಗಿದೆ. ಅತ್ತೆ ಮೊದಲ ದಿನವೇ ಸ್ಲೇಟು ಹಿಡಿದು ಹೋಗಿ ಸೇರಿಕೊಂಡಳು. ಅವಳಿಗೆ ತನ್ನ ಹಲಗೆಯನ್ನು ತಾನೇ ಓದಬೇಕಂತೆ. ದಿನಕ್ಕೊಂದು ಅಕ್ಷರ ಹೇಳಿಕೊಡುತ್ತಾರೆ. ನಿನ್ನೆ ಸಂಜೆ ಸ್ಲೇಟು ತಂದು ತೋರಿಸಿದಳು: 'ಪ' ಬಂದಿದೆ. ಇನ್ನು ಫ, ಬ, ಆಮೇಲೆ ಅದೇ. ನನಗೆ ರಾತ್ರಿ ಊಟ ಸೇರಲಿಲ್ಲ. ಇವತ್ತು ಬೆಳಿಗ್ಗೆ ಇಬ್ಬರೂ ಕಾಫಿ ಕುಡಿಯುತ್ತಾ ಕೂತಿದ್ದಾಗ ಆದಷ್ಟು ಹಗುರವಾದ ದನಿಯಲ್ಲಿ, "ಅತ್ತೆ, ಭ ಅಂತ ಒಂದು ಅಕ್ಷರ ಬರುತ್ತೆ. ಅದು ಅಂಥ ಮುಖ್ಯವಾದ್ದೇನಲ್ಲ. ಅದನ್ನು ಬಿಟ್ಟು ಮ ಕಲಿತುಬಿಡು, ಮ ಬಹಳ ಸುಲಭ" ಎಂದೆ. ಅತ್ತೆ ಲೋಟ ಕೆಳಗಿಟ್ಟಳು. ಆಮೇಲೆ ಸ್ಲೇಟನ್ನೂ ಬಳಪವನ್ನೂ ನನ್ನ ತೊಡೆಯ ಮೇಲಿಟ್ಟು, "ಹಂಗೋ? ಹಂಗಾರೆ ಅದ್ನೇ ಮೊದ್ಲು ಬರ್ಕೊಡು" ಎಂದಳು.